ಟ್ರಂಕಿನ ತಳದ ಜಲಪಾತ

ಶಾಂತಾರಾಮ ಮಾಸ್ತರು ಒಂದು ಕಣ್ಣು ಮುಚ್ಚಿ ಲೋಕವನ್ನು ನೋಡಲು ಶುರುಮಾಡಿದ್ದು ಧಾರವಾಡದಿಂದ ಬಂದ ಮೇಲೆ. ಅದಕ್ಕೆ ಮೊದಲು ಅವರು ಸಿದ್ದಾಪುರದ ಉಳಿದೆಲ್ಲರಂತೆ ಎರಡೂ ಕಣ್ಣಿನಿಂದ ನೋಡುತ್ತಿದ್ದರು. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಧಾರವಾಡದಲ್ಲಿ ಚಿತ್ರಕಲಾ ಶಿಕ್ಷಕರಿಗಾಗಿ ಒಂದು ಶಿಬಿರ ನಡೆದಿತ್ತು. ಅಲ್ಲಿಗೆ ಬಂದಿದ್ದ ಬರೋಡಾದ ಕಲಾವಿದರೊಬ್ಬರು ಹರಿದ ಕಾಗದ, ಗೋಣಿಚೀಲದ ತುಂಡು, ಸಿಗರೇಟು ಪ್ಯಾಕಿನ ಬೇಗಡೆ ಇವನ್ನೆಲ್ಲ ಒಂದು ಹಲಗೆಗೆ ಅಂಟಿಸಿ, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಕುಂಚದ ಕಾಲ ಮುಗಿಯಿತು, ಇನ್ನೇನಿದ್ದರೂ ಕತ್ತರಿಯ ಕಾಲ ಎಂದು ಘೋಷಿಸಿದರು. ಇದಕ್ಕೆ ಕೊಲಾಜ್ ಎನ್ನುತ್ತಾರೆ ಎಂದೂ ತಿಳಿಸಿದರು. ಆ ಕಲಾವಿದರಿಗೆ ಆ ವಾರ ಕಣ್ಣುಬೇನೆ ಬಂದಿತ್ತೆಂಬುದು ಶಿಬಿರದ ಉಳಿದ ಶಿಕ್ಷಕರಿಗೆಲ್ಲ ಗೊತ್ತಿತ್ತು. ಶಾಂತಾರಾಮ ಮಾಸ್ತರಿಗೆ ಮಾತ್ರ ಅದೇ ಹೊಸ ಕಲೆಯ ಮುಖ್ಯ ಭಾಗವೆಂದು ತೋರಿತು. ಊರಿಗೆ ಬಂದವರೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕುಮಟಾ ಬಸ್ಸಿನ ಕೆಂಪು ಬಣ್ಣವನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾಗ, ಕಿಟಕಿಯಲ್ಲಿ ಕುಳಿತಿದ್ದ ನರ್ಸಬಾಯಿಯೊಬ್ಬರು ಇಳಿದು ಬಂದು ಇದೇನೆಂದು ವಿಚಾರಿಸಿದರು. ಕಲೆ ಎಂದು ಮಾಸ್ತರು ಹೇಳಿದರು. ಕಂಡಕ್ಟರು ಮಧ್ಯೆ ಬಂದು ಬಿಡಿಸಬೇಕಾಯಿತು.

ಮಾಸ್ತರು ಸಿದ್ದಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಚಿತ್ರಕಲಾ ಶಿಕ್ಷಕರು. ಹಂಗಾಮಿ ಎಂಬ ಪದವನ್ನು ಎಷ್ಟು ಕಾಲ ಎಳೆಯಬಹುದೋ ಅಷ್ಟು ಕಾಲ ಎಳೆದಾಗಿತ್ತು. ಅವರ ಜೊತೆ ಸೇರಿದ ಗಣಿತದವರು, ಹಿಂದಿಯವರು ಖಾಯಂ ಆಗಿ, ಸೈಟು ಕೊಂಡು, ಸ್ಕೂಟರಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಓಡಾಡುತ್ತಿದ್ದರು. ಮಾಸ್ತರು ಕತ್ತರಿ ಹಿಡಿದು ನಡೆದುಕೊಂಡು ಓಡಾಡುತ್ತಿದ್ದರು.

ಆದರೆ ಪಾಠದ ವಿಷಯದಲ್ಲಿ ಅವರ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಮನೆಯಲ್ಲಿ ಉಪಯೋಗಕ್ಕೆ ಬಾರದ, ಚಪ್ಪಟೆಯಾದ, ಬಣ್ಣವಿರುವ ಏನನ್ನಾದರೂ ತನ್ನಿ ಎಂದು ಮಕ್ಕಳಿಗೆ ಹೇಳಿದರು. ರಕ್ಷಿತಾ ಎಂಬ ಹುಡುಗಿ ಹುಂಜದ ಪುಕ್ಕ ತಂದಳು. ಇನ್ನೊಬ್ಬ ಮನೆಯ ರೇಷನ್ ಕಾರ್ಡು ತಂದ. ಅದರ ಹಳದಿ ಬಣ್ಣ ಮಾಸ್ತರಿಗೆ ಹಿಡಿಸಿ, ಅದು ಒಂದು ಸೂರ್ಯೋದಯಕ್ಕೆ ಸೇರಿಹೋಯಿತು. ಆ ಹುಡುಗನ ಅಪ್ಪ ಪ್ರತಿ ತಿಂಗಳು ಸಕ್ಕರೆ ತರುವ ದಿನ ಸೂರ್ಯೋದಯವನ್ನೇ ಹೊತ್ತುಕೊಂಡು ಸೊಸೈಟಿಗೆ ಹೋಗಬೇಕಾಯಿತು.

ಕಾಗದದ ಕೊಲಾಜಿಗೆ ಊರಿನ ಹವೆಯೂ ಸಹಕರಿಸಲಿಲ್ಲ. ಜೂನ್ ತಿಂಗಳಲ್ಲಿ ಅಂಟಿಸಿದ ರೈತನ ಮುಖಕ್ಕೆ ಶ್ರಾವಣದ ಹೊತ್ತಿಗೆ ಬೂಸಲು ಬಂದು ಗಡ್ಡವಾಯಿತು. ನೋಡಿದವರು ಗಡ್ಡವನ್ನೇ ಹೊಗಳಿದರು. ಭಾದ್ರಪದದಲ್ಲಿ ಹುಳು ಬಿದ್ದು ಮೂಗು ಹೋಯಿತು. ಬಹಳ ಯೋಚಿಸಿ ಮಾಸ್ತರು ಎರಡು ತೀರ್ಮಾನಕ್ಕೆ ಬಂದರು. ಮೈದಾ ಅಂಟಿಗೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತವನ್ನು ಬೆರೆಸಬೇಕು. ಕಾಗದ ಬಿಟ್ಟು ಬಟ್ಟೆಗೆ ಬರಬೇಕು. ಮೊದಲನೆಯ ತೀರ್ಮಾನದಿಂದ ಮನೆಯಲ್ಲಿ ವಾಸನೆ ಹಬ್ಬಿತು. ಎರಡನೆಯದರಿಂದ ಆದದ್ದೇ ಈ ಕಥೆ.

ಸಾವಿರದ ಒಂಬೈನೂರ ತೊಂಬತ್ತೆಂಟರ ಚಳಿಗಾಲದಲ್ಲಿ ಹೆಡ್ಮಾಸ್ತರು ಮಡಿವಾಳಪ್ಪನವರು ಶಾಂತಾರಾಮ ಮಾಸ್ತರನ್ನು ಕೋಣೆಗೆ ಕರೆದರು. ಮಡಿವಾಳಪ್ಪನವರು ಹಾವೇರಿ ಕಡೆಯವರು; ಒಳ್ಳೆಯ ಸುದ್ದಿಯನ್ನೂ ಬೈದ ಹಾಗೇ ಹೇಳುವವರು. ಶಿಕ್ಷಣಾಧಿಕಾರಿ ಕಲ್ಲಯ್ಯನವರು ಶಾಲೆ ನೋಡಲು ಬರುತ್ತಾರೆ, ಚಿತ್ರಕಲೆ ಈ ಶಾಲೆಗೆ ಬೇಕು ಎಂದು ಅವರು ಒಂದು ಮಾತು ಬರೆದರೆ ಹುದ್ದೆ ಖಾಯಂ, ಬೇಡ ಎಂದರೆ ಆ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ ಎಂದು ತಿಳಿಸಿದರು.

"ಏನರ ದೊಡ್ಡದು ಮಾಡ್ರಿ ಮಾಸ್ತರ. ಬಾಗಲದಾಗ ನಿಂತ್ರ ಕಾಣಬೇಕು ಅಂಥಾದ್ದು. ಸಾಹೇಬ್ರು ತಮ್ಮ ಮನಿಯವರನ್ನೂ ಕರಕೊಂಡ ಬರ್ತಾರ. ಅವರಿಗೆ ಉಂಚಳ್ಳಿ ಫಾಲ್ಸ್ ನೋಡೂದೈತಂತ."

ಮಾಸ್ತರಿಗೆ ವಿಷಯವೂ ಸಿಕ್ಕಿತು, ಸ್ಫೂರ್ತಿಯೂ ಸಿಕ್ಕಿತು. ಅವರು ಹುಟ್ಟಿ ಬೆಳೆದದ್ದೇ ಜಲಪಾತದ ಹತ್ತಿರದ ಹೆಗ್ಗರಣೆಯಲ್ಲಿ. ಬೆಳೆಯುವಾಗ ಅದನ್ನು ನೋಡಲು ಹೋದವರಲ್ಲ. ಊರಿಗೆ ಬಂದ ನೆಂಟರು ಹಟ ಹಿಡಿದಾಗ ದಾರಿ ತೋರಿಸಲು ಹೋದವರು.

ಇನ್ನೊಂದು ಕಡೆ ಯಲ್ಲಾಪುರ ತಾಲೂಕಿನ ವಜ್ರಳ್ಳಿಯಲ್ಲಿ ಅವರ ಹೆಂಡತಿ ದೇವಕಿಯ ಅಣ್ಣನ ಕಿರಾಣಿ ಅಂಗಡಿ ಕಾಯುತ್ತಿತ್ತು. ಹುದ್ದೆ ಹೋದರೆ ಬಾ, ಹಣದ ಗಲ್ಲೆಯ ಮೇಲೆ ಕೂತುಕೋ ಎಂದು ಭಾವ ಹೇಳುತ್ತಲೇ ಇದ್ದ. ಅದನ್ನು ಪ್ರೀತಿಯಿಂದ ಹೇಳುತ್ತಿದ್ದ, ಎಲ್ಲರೆದುರಿಗೆ ಹೇಳುತ್ತಿದ್ದ, ಊಟದ ಪಂಕ್ತಿಯಲ್ಲಿ ಹೇಳುತ್ತಿದ್ದ. ಗಂಡನನ್ನು ಕರೆದುಕೊಂಡು ತವರಿನ ಅಂಗಡಿಯ ಹಿಂದಿನ ಕೋಣೆಗೆ ಸೇರುವುದಕ್ಕಿಂತ ಬೇರೆ ಏನಾದರೂ ಆಗಬಹುದು ಎಂದು ದೇವಕಿ ತೀರ್ಮಾನಿಸಿದ್ದಳು. ಈಗ ತಂಗಿಯ ಬಾಣಂತನಕ್ಕೆಂದು ಅವಳು ಅಲ್ಲಿಗೇ ಹೊರಟಿದ್ದಳು. ಹೋಗುವಾಗ ಗಂಡನಿಗೆ, ಖಾಯಂ ಆಗುವಂಥದ್ದು ಎಂತಾದ್ರೂ ಮಾಡಿ ಎಂದಷ್ಟೇ ಹೇಳಿದಳು. ಉಪ್ಪಿನಕಾಯಿ ಭರಣಿ ಎಲ್ಲಿದೆ ಎಂದು ಹೇಳಿದಳು. ಟ್ರಂಕಿನ ಬಗ್ಗೆ ಏನೂ ಹೇಳಲಿಲ್ಲ, ಏಕೆಂದರೆ ಗಂಡಸರು ಹೆಂಗಸರ ಟ್ರಂಕು ತೆಗೆಯುವುದು ಆವರೆಗೆ ಆ ಮನೆಯಲ್ಲಿ ನಡೆದಿರಲಿಲ್ಲ.

ಟ್ರಂಕಿನಲ್ಲಿ ಇದ್ದದ್ದು ರವಿಕೆ ಕಣಗಳು. ಇವುಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇವನ್ನು ಬರಿಯ ಬಟ್ಟೆ ಎಂದು ತಿಳಿದದ್ದೇ ಮಾಸ್ತರ ತಪ್ಪು. ನಮ್ಮ ಕಡೆ ಉಪನಯನವಿರಲಿ, ನಾಮಕರಣವಿರಲಿ, ಸತ್ಯನಾರಾಯಣ ಕಥೆಯಿರಲಿ, ಹೊರಟು ನಿಂತ ಹೆಂಗಸಿಗೆ ಅರಿಶಿನ ಕುಂಕುಮದ ಜೊತೆ ಒಂದು ರವಿಕೆ ಕಣ ಕೊಡುತ್ತಾರೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಾಳೆ. ಹೊಲಿಸುವುದಿಲ್ಲ. ತನ್ನ ಮನೆಯ ಕಾರ್ಯ ಬಂದಾಗ ಅದನ್ನೇ ಇನ್ನೊಬ್ಬಳಿಗೆ ಕೊಡುತ್ತಾಳೆ. ಅವಳು ಮತ್ತೊಬ್ಬಳಿಗೆ. ಹೀಗೆ ಒಂದು ಕಣ ಒಮ್ಮೆಯೂ ದರ್ಜಿಯ ಮುಖ ನೋಡದೆ ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ತಿರುಗುತ್ತದೆ. ಇದು ಎಲ್ಲರಿಗೂ ಗೊತ್ತಿದೆ. ಯಾರೂ ಹೇಳುವುದಿಲ್ಲ. ನಿಯಮ ಇರುವುದು ಒಂದೇ: ಕೊಟ್ಟವಳ ಕಣ್ಣಿಗೆ ಅದು ಮತ್ತೆ ಬೀಳಬಾರದು. ಯಾರು ಯಾರಿಗೆ ಯಾವಾಗ ಯಾವ ಬಣ್ಣದ್ದನ್ನು ಕೊಟ್ಟರು ಎಂಬುದನ್ನು ನಮ್ಮ ಹೆಂಗಸರು ಎಲ್ಲಿಯೂ ಬರೆದಿಡುವುದಿಲ್ಲ, ಮತ್ತು ಎಂದೂ ಮರೆಯುವುದಿಲ್ಲ.

ದೇವಕಿಯ ಟ್ರಂಕಿನಲ್ಲಿ ಮೇಲಿನ ಅಟ್ಟಿ ಯಲ್ಲಾಪುರದ ಕಡೆಯಿಂದ ಬಂದದ್ದು, ಸಿದ್ದಾಪುರದಲ್ಲಿ ಕೊಡಲು. ನಡುವಿನದು ಸಿದ್ದಾಪುರದಲ್ಲಿ ಬಂದದ್ದು, ಯಲ್ಲಾಪುರದಲ್ಲಿ ಕೊಡಲು. ತಳದಲ್ಲಿದ್ದವು ಎಲ್ಲಿಯೂ ಕೊಡಲಾಗದವು. ಎಷ್ಟೋ ಪರಿಚಿತ ಕೈಗಳನ್ನು ದಾಟಿ, ಯಾರ ಎದುರು ಬಿಚ್ಚಿದರೂ ಯಾರದೋ ಮರ್ಯಾದೆ ಹೋಗುವಂಥವು. ಅವು ಹೊರಗೆ ಬರಬಾರದೆಂದೇ ಅಲ್ಲಿದ್ದವು.

ಶಾಂತಾರಾಮ ಮಾಸ್ತರು ಸಭ್ಯರು. ಹೆಂಡತಿಗೆ ನಷ್ಟವಾಗಬಾರದೆಂದು, ಮೇಲಿನ ಎರಡು ಅಟ್ಟಿಗಳನ್ನು ಜೋಪಾನವಾಗಿ ಎತ್ತಿ ಬದಿಗಿಟ್ಟು, ಬೇಡವಾಗಿ ತಳ ಸೇರಿದವು ಎಂದುಕೊಂಡು, ತಳದಲ್ಲಿದ್ದವನ್ನಷ್ಟೇ ತೆಗೆದರು.

ಏನು ಬಣ್ಣಗಳು. ಹಾಲುಬಣ್ಣದ ಮೇಲೆ ಬೆಳ್ಳಿ ಬುಟ್ಟ, ಗಿಳಿಹಸಿರು, ನೇರಳೆ, ಬೂದಿ. ಅವುಗಳಲ್ಲಿ ಒಂದು ಗುಳೇದಗುಡ್ಡದ ಖಣ. ಕಪ್ಪುಹಸಿರು ಮೈ, ಕೆಂಪು ಅಂಚು, ಸಣ್ಣ ನೇಯ್ಗೆ. ಅಂಥದ್ದು ಸಿದ್ದಾಪುರದಲ್ಲಿ ಇನ್ನೊಂದಿರಲಿಲ್ಲ. ಮಾಸ್ತರು ಒಂದು ಕಣ್ಣು ಮುಚ್ಚಿ ನೋಡಿದಾಗ ಅದು ಜಲಪಾತದ ಎದುರಿಗೆ ನಿಂತ ಮರವಾಗಿ ಕಂಡಿತು. ಮರ ಚಿತ್ರದ ನಟ್ಟನಡುವೆ ಬಂತು. ದೇವಕಿ ವಜ್ರಳ್ಳಿಯಲ್ಲಿದ್ದ ವಾರ ಪೂರ್ತಿ ಅವರು ಕತ್ತರಿಸಿದರು, ಅಂಟಿಸಿದರು, ಸುಟ್ಟ ದೋಸೆ ತಿಂದರು. ಬಾಗಿಲಿನಷ್ಟು ದೊಡ್ಡ ಪ್ಲೈವುಡ್ಡಿನ ಮೇಲೆ ಉಂಚಳ್ಳಿ ಜಲಪಾತ ಮೇಲಿನಿಂದ ಕೆಳಕ್ಕೆ ಸುರಿಯಿತು. ಕೆಳಗೆ ಬಲಮೂಲೆಯಲ್ಲಿ ಅವರು ಹೆಸರು ಬರೆದರು, ಬಂಡೆಯೊಂದಕ್ಕಿಂತ ಸ್ವಲ್ಪ ದೊಡ್ಡದಾಗಿ.

ಪ್ರದರ್ಶನದ ದಿನ ಶಾಲೆಯ ಸಭಾಂಗಣಕ್ಕೆ ಊರಿನ ಹೆಂಗಸರನ್ನೆಲ್ಲ ಕರೆಯಲಾಗಿತ್ತು. ಸಾಹೇಬರ ಹೆಂಡತಿ ಬರುವಾಗ ಅರಿಶಿನ ಕುಂಕುಮಕ್ಕೆ ನಾಲ್ಕು ಮುತ್ತೈದೆಯರಾದರೂ ಬೇಡವೇ ಎಂದು ಹೆಡ್ಮಾಸ್ತರರ ಹೆಂಡತಿ ಗಿರಿಜಮ್ಮ ಸೂಚಿಸಿದ್ದರು. ದೇವಕಿ ಬೆಳಗಿನ ಬಸ್ಸಿಗೆ ಹೊರಟು, ಸಿರಸಿಯಲ್ಲಿ ಬಸ್ಸು ಬದಲಿಸಿ, ಚೀಲ ಹಿಡಿದುಕೊಂಡೇ ನೇರ ಶಾಲೆಗೆ ಬಂದಳು. ಗಂಡನ ಖಾಯಮ್ಮಿನ ದಿನ ತಾನು ಇರಬೇಕು ಎಂಬುದು ಅವಳ ಮನಸ್ಸಿನಲ್ಲಿತ್ತು.

ಸಭಾಂಗಣದ ಬಾಗಿಲಲ್ಲೇ ಅವಳ ಕಾಲು ನಿಂತಿತು. ಎದುರಿನ ಗೋಡೆಯ ಮೇಲೆ ಅವಳ ಟ್ರಂಕಿನ ತಳ ಇತ್ತು.

ಮಾಸ್ತರು ಓಡಿ ಬಂದು ಹೇಗಿದೆ ಎಂದು ಕೇಳಿದರು. ದೇವಕಿ ಬಹಳ ಹೊತ್ತು ಮಾತಾಡಲಿಲ್ಲ. ಕಲೆಯ ಎದುರು ಮಾತು ಹೊರಡದ ಸ್ಥಿತಿಯ ಬಗ್ಗೆ ಧಾರವಾಡದಲ್ಲಿ ಕೇಳಿದ್ದ ಮಾಸ್ತರು ಕಾದರು.

"ಅಂಟು ಎಂತ ಹಾಕಿದ್ದಿ?" ಎಂದಳು ಕೊನೆಗೆ.

"ಮೈಲುತುತ್ತದ್ದು. ನೂರು ವರ್ಷ ಆದ್ರೂ ಬಿಡ್ತಿಲ್ಲೆ."

"ಉಗುರಲ್ಲಿ ಎಬ್ಬಿದ್ರೂ?"

"ಉಳಿ ತಂದು ಎಬ್ಬಿದ್ರೂ," ಎಂದರು ಮಾಸ್ತರು ಹೆಮ್ಮೆಯಿಂದ.

ದೇವಕಿ ಚೀಲ ಕೆಳಗಿಟ್ಟಳು. ನೇರ ಹೋಗಿ ಚಿತ್ರಕ್ಕೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹೊದ್ದು, ಗುಳೇದಗುಡ್ಡದ ಮರದ ಎದುರು ನಿಂತಳು. ಹೆಂಡತಿ ತನ್ನ ಕೃತಿಯ ಜೊತೆ ಫೋಟೋ ತೆಗೆಸಿಕೊಳ್ಳಲು ನಿಂತಿದ್ದಾಳೆ ಎಂದುಕೊಂಡು ಮಾಸ್ತರು ತಮ್ಮ ಅಂಗಿ ಸರಿಮಾಡಿಕೊಂಡರು.

ಮೊದಲು ಬಂದವರು ಪಕ್ಕದ ಮನೆಯ ಪರಿಮಳಕ್ಕ. ಎಲ್ಲಿ ಹೋದರೂ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವ ಅಭ್ಯಾಸ ಅವರಿಗಿತ್ತು. ಅಂಗಡಿಯಲ್ಲಿ, ಮದುವೆಯಲ್ಲಿ, ಒಮ್ಮೆ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಕೂಡ. ಅವರು ಜಲಪಾತದ ನೀರನ್ನು ತಿಕ್ಕಿ ನೋಡಿದರು. ಮತ್ತೆ ಹತ್ತಿರ ಹೋಗಿ ನೋಡಿದರು.

"ದೇವಕಿ, ಈ ಬೆಳ್ಳಿ ಬುಟ್ಟದ್ದು ಆನು ಬಿಳಗಿ ಅತ್ತಿಗೆಗೆ ಕೊಟ್ಟಿದ್ದು. ಅವರ ಮನೆ ಸತ್ಯನಾರಾಯಣ ಕಥೆ ದಿನ, ಎನ್ನ ಕೈಯಾರೆ. ಇದು ಇಲ್ಲಿಗೆ ಹ್ಯಾಂಗೆ ಬಂತು?"

ಬಿಳಗಿ ಅತ್ತಿಗೆ ಎಂದರೆ ದೇವಕಿಯ ದೊಡ್ಡ ನಾದಿನಿ. ದೇವಕಿ ಸತ್ಯ ಹೇಳಿದಳು. ಅತ್ತಿಗೆಯೇ ಕೊಟ್ಟದ್ದು ಎಂದಳು. ಪರಿಮಳಕ್ಕನ ಮುಖ ಗಂಭೀರವಾಯಿತು. ಪ್ರೀತಿಯಿಂದ ಸಿರಸಿಗೆ ಹೋಗಿ ಆರಿಸಿ ತಂದದ್ದನ್ನು ಹೀಗೆ ಯಾರಿಗೋ ದಾಟಿಸುವವರೂ ಇದ್ದಾರೆ, ದಾಟಿಸಿದ್ದನ್ನು ಕತ್ತರಿಸಿ ಹಲಗೆಗೆ ಬಡಿಯುವವರೂ ಇದ್ದಾರೆ, ಕಾಲ ಹೀಗಾಯಿತು ಎಂಬ ಅರ್ಥದ ಭಾಷಣವನ್ನು ಅವರು ಆರಂಭಿಸಿದರು. ಸುತ್ತ ಹೆಂಗಸರು ಸೇರಿದರು. ಸೇರಿದವರು ಹತ್ತಿರ ಬಂದರು. ಹತ್ತಿರ ಬಂದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಣ ಗುರುತಿಸಿದರು. ಒಬ್ಬಳು ನೇರಳೆಯ ಬೆಟ್ಟದ ಎದುರು ನಿಂತಳು, ಇನ್ನೊಬ್ಬಳು ಗಿಳಿಹಸಿರು ಪೊದೆಯನ್ನು ನೋಡಿ ಪಕ್ಕದವಳನ್ನು ನೋಡಿದಳು. ಪಕ್ಕದವಳು ಚಾವಣಿ ನೋಡಿದಳು.

ಮಾಸ್ತರು ದೂರದಿಂದ ಇದನ್ನೆಲ್ಲ ಕಾಣುತ್ತಿದ್ದರು. ಜನ ಚಿತ್ರವನ್ನು ಮುಟ್ಟುತ್ತಿದ್ದಾರೆ. ಚಿತ್ರದ ಬಗ್ಗೆ ವಾದಿಸುತ್ತಿದ್ದಾರೆ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಬರೋಡಾದವರಿಗೂ ಇಂಥ ಭಾಗ್ಯ ಬಂದಿರಲಿಕ್ಕಿಲ್ಲ. ಕಲೆ ಜನರನ್ನು ತಲುಪಿದಾಗ ಕಲಾವಿದ ನೆರವಾಗಬೇಕೆಂದು ಅವರು ನಡುವೆ ನುಗ್ಗಿ, ತರಗತಿಯ ದನಿಯಲ್ಲಿ, ಯಾರಿಗೆ ಏನು ಕಾಣುತ್ತದೆ, ಸಂಕೋಚವಿಲ್ಲದೆ ಹೇಳಬಹುದು ಎಂದರು. ಹೆಂಗಸರು ತಂತಮ್ಮ ಸೆರಗು ಸರಿಪಡಿಸಿಕೊಂಡರು. ಹಾಗಾದರೆ ಮರದಿಂದ ಶುರುಮಾಡೋಣ ಎಂದು ದೇವಕಿಯನ್ನು ತೋಳು ಹಿಡಿದು ಸ್ವಲ್ಪ ಆಚೆ ಸರಿಸಿದರು.

ಅದೇ ಹೊತ್ತಿಗೆ ಗಿರಿಜಮ್ಮ ಕುಂಕುಮದ ತಟ್ಟೆ ಹಿಡಿದು ಒಳಗೆ ಬಂದರು. ಅವರ ದೃಷ್ಟಿ ಮರದ ಮೇಲೆ ಬಿತ್ತು.

"ಪರಿಮಳಾಬಾಯಿ," ಎಂದರು ಗಿರಿಜಮ್ಮ ನಿಧಾನವಾಗಿ, "ಈ ಖಣ ನಮ್ಮ ಮೊಮ್ಮಗನ ಹೆಸರಿಡೂ ದಿವಸ ನಾ ನಿಮಗ ಉಡಿಯೊಳಗ ಹಾಕಿದ್ದಲ್ಲೇನ್ರಿ?"

ಪರಿಮಳಕ್ಕನ ಭಾಷಣ ಅಲ್ಲಿಗೆ ನಿಂತಿತು. ಹೌದು, ಅದನ್ನು ಅವರು ಮಗ ಸುಮಂತನ ಉಪನಯನದಲ್ಲಿ ದೇವಕಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ನಾಮಕರಣದ ದಿನ ದೇವಕಿ ಪಕ್ಕದಲ್ಲೇ ಕುಳಿತು ಎಲ್ಲ ನೋಡಿದ್ದಳು. ಆ ಕಾರಣಕ್ಕಾಗಿಯೇ ಅದು ಟ್ರಂಕಿನ ತಳ ಸೇರಿತ್ತು. ಪರಿಮಳಕ್ಕ ಒಂದು ಕ್ಷಣ ಸುತ್ತ ನೋಡಿ, ಬೇರೆ ದಾರಿ ಕಾಣದೆ, ದೇವಕಿಯ ಪಕ್ಕ ಹೋಗಿ ಚಿತ್ರಕ್ಕೆ ಬೆನ್ನು ಹಾಕಿ ನಿಂತರು.

"ನಮ್ಮೂರಾಗ ಕೊಟ್ಟಿದ್ದನ್ನ ಜತನ ಮಾಡಿ ಇಟ್ಕೋತಾರ್ರಿ," ಎಂದು ಗಿರಿಜಮ್ಮ ಶುರುಮಾಡುವಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು.

ಜೀಪಿನ ಸದ್ದಿಗೆ ಗಿರಿಜಮ್ಮನಿಗೆ ಒಂದು ವಿಷಯ ನೆನಪಾಯಿತು. ಹಿಂದಿನ ವರ್ಷದ ದೀಪಾವಳಿಗೆ ಗಂಡ ಹೆಂಡತಿ ಇಬ್ಬರೂ ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೊಸ ಸಾಹೇಬರ ಕ್ವಾರ್ಟರ್ಸಿಗೆ ಹೋಗಿದ್ದರು. ಹೊರಡುವಾಗ ಸಾಹೇಬರ ಹೆಂಡತಿ ಉಡಿ ತುಂಬಿ ಒಂದು ಗುಳೇದಗುಡ್ಡದ ಖಣ ಕೊಟ್ಟಿದ್ದರು. ಕಪ್ಪುಹಸಿರು ಮೈ, ಕೆಂಪು ಅಂಚು.

ಗಿರಿಜಮ್ಮ ಮಾತು ನಿಲ್ಲಿಸಿ, ತಟ್ಟೆ ಸಮೇತ ಹೋಗಿ, ಪರಿಮಳಕ್ಕನ ಪಕ್ಕ ನಿಂತರು. ಮೂರು ಜನ ನಿಂತರೂ ಮರದ ತುದಿ ಕಾಣುತ್ತಿತ್ತು. ಎತ್ತರದವಳೆಂದು ಬಾಗಿಲ ಬಳಿ ಇದ್ದ, ಅಂದಿನ ಅಡುಗೆಗೆಂದು ಬಂದಿದ್ದ ನಾಗಿಯನ್ನು ಕರೆದು ನಡುವೆ ನಿಲ್ಲಿಸಿದರು. ನಾಗಿ ಕಾರಣ ಕೇಳಲಿಲ್ಲ. ಬಿಸಿಲಲ್ಲಿ ಪಾತ್ರೆ ತಿಕ್ಕುವುದಕ್ಕಿಂತ ಇದು ವಾಸಿ ಎಂದು ನಿಂತಳು.

ಕಲ್ಲಯ್ಯ ಸಾಹೇಬರು ಒಳಗೆ ಬಂದರು. ಅವರ ಹಿಂದೆ ಹೆಂಡತಿ. ಹೆಂಡತಿಯ ಹಿಂದೆ, ಕೋಲೂರಿಕೊಂಡು, ಸಾಹೇಬರ ತಾಯಿ. ಅಜ್ಜಿ ಬರುವ ವಿಷಯ ಯಾರಿಗೂ ಗೊತ್ತಿರಲಿಲ್ಲ. ಫಾಲ್ಸ್ ನೋಡಬೇಕೆಂದು ಹಟ ಹಿಡಿದವರು ಇವರೇ ಎಂದು ಸಾಹೇಬರು ಪರಿಚಯಿಸಿ, ಬಾಗಿಲ ಬಳಿ ಕುರ್ಚಿ ಹಾಕಿಸಿ ಕೂರಿಸಿದರು. ಅವ್ವ ಹೇಳಿದ ಮಾತನ್ನು ಸಾಹೇಬರು ಎಂದೂ ಮೀರಿದವರಲ್ಲ ಎಂಬುದು ಇಲಾಖೆಗೆಲ್ಲ ಗೊತ್ತಿದ್ದ ಸಂಗತಿ. ವರ್ಗಾವಣೆ ಬೇಕಾದವರು ಅಜ್ಜಿಯ ಆರೋಗ್ಯ ವಿಚಾರಿಸುತ್ತಿದ್ದರು.

ಸಾಹೇಬರ ಹೆಂಡತಿ ಅರಿಶಿನ ಕುಂಕುಮಕ್ಕೆಂದು ಮುಂದೆ ಬಂದರು. ಗಿರಿಜಮ್ಮ ನಿಂತಲ್ಲಿಂದ ಕದಲದೆ ಕೈ ಮಾತ್ರ ಚಾಚಿ ಕುಂಕುಮ ಹಚ್ಚಲು ಹೋದರು. ಕೈ ಎತ್ತಿದಾಗ ಸೆರಗು ಎದ್ದಿತು. ಸಾಹೇಬರ ಹೆಂಡತಿ ಸೆರಗಿನ ಕೆಳಗೆ ಕೆಂಪು ಅಂಚು ನೋಡಿದರು.

ಎಲ್ಲರೂ ಅವರ ಮುಖ ನೋಡಿದರು. ಮಡಿವಾಳಪ್ಪನವರಿಗೆ ವಿಷಯ ತಿಳಿಯದಿದ್ದರೂ, ಹೆಂಡತಿಯ ಮುಖ ನೋಡಿ ಏನೋ ಮುಳುಗುತ್ತಿದೆ ಎಂದು ತಿಳಿಯಿತು. ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಆದರೆ ಸಾಹೇಬರ ಹೆಂಡತಿ ಗಿರಿಜಮ್ಮನನ್ನು ನೋಡಲೇ ಇಲ್ಲ. ತಟ್ಟನೆ ತಿರುಗಿ ಬಾಗಿಲ ಬಳಿಯ ಕುರ್ಚಿಯನ್ನು ನೋಡಿದರು. ಅಜ್ಜಿ ಕನ್ನಡಕ ಒರೆಸುತ್ತಿದ್ದರು.

"ಸ್ವಲ್ಪ ಸರೀರಿ," ಎಂದು ಪಿಸುಗುಟ್ಟಿ, ಅವರು ನಾಗಿಯನ್ನೂ ಗಿರಿಜಮ್ಮನನ್ನೂ ಒತ್ತಿ ನಡುವೆ ಜಾಗ ಮಾಡಿಕೊಂಡು, ಮರಕ್ಕೆ ಬೆನ್ನು ಕೊಟ್ಟು ನಿಂತರು. "ನಮ್ಮತ್ತಿ ನನಗ ಕೊಟ್ಟಿದ್ರಿ ಅದು."

ಉಳಿದ ಹೆಂಗಸರಿಗೂ ಇದರಿಂದ ಧೈರ್ಯ ಬಂತು. ತಮ್ಮ ತಮ್ಮ ಬೆಟ್ಟ, ಪೊದೆ, ಮೋಡಗಳ ಎದುರು ಅವರೂ ಬಂದು ನಿಂತರು. ಉಂಚಳ್ಳಿ ಜಲಪಾತ ಸಂಪೂರ್ಣ ಕಾಣದಾಯಿತು.

ಸಾಹೇಬರು 'ಚಿತ್ರಕಲೆ' ಎಂದು ಬರೆದ ಫಲಕದ ಕೆಳಗೆ ಬಂದು ನೋಡಿದರು. ಅಲ್ಲಿ ಹೆಂಗಸರ ಒಂದು ಸಾಲಿತ್ತು, ಸಾಲಿನ ನಡುವೆ ತಮ್ಮ ಹೆಂಡತಿಯಿದ್ದರು. ಚಿತ್ರ ಎಲ್ಲಿ ಎಂದು ಕೇಳಿದರು. ಇವರ ಹಿಂದೆ ಇದೆ ಸರ್ ಎಂದರು ಶಾಂತಾರಾಮ ಮಾಸ್ತರು. ಸಾಹೇಬರು ಹೆಂಡತಿಗೆ ಸ್ವಲ್ಪ ಸರಿಯಲು ಹೇಳಿದರು.

"ನಿಂದರ್ರಿ. ನಾವಿನ್ನೂ ನೋಡಾಕತ್ತೀವಿ," ಎಂದರು ಹೆಂಡತಿ, ಗೋಡೆಗೆ ಬೆನ್ನು ಹಾಕಿಕೊಂಡೇ.

ಸಾಹೇಬರು ಬಹಳ ಶಾಲೆ ನೋಡಿದ್ದರು. ಎಲ್ಲ ಕಡೆಯೂ ಚಿತ್ರಗಳಿರುತ್ತಿದ್ದವು, ನೋಡುವವರಿರುತ್ತಿರಲಿಲ್ಲ. ನೋಡುವವರೇ ಇದ್ದು ಚಿತ್ರ ಕಾಣಿಸದ ಶಾಲೆ ಅವರಿಗೆ ಹೊಸದು. ಅವರು ಮಡಿವಾಳಪ್ಪನವರ ಕಡೆ ತಿರುಗಿ, ಚಿತ್ರದ ಮುಂದಿನಿಂದ ಜನ ಸರಿಯವಲ್ಲರಲ್ಲ, ಇದನ್ನು ನಾನು ಎಲ್ಲಿಯೂ ಕಂಡಿಲ್ಲ ಎಂದರು. ಮಡಿವಾಳಪ್ಪನವರು ಇಲ್ಲಿ ದಿನಾ ಹೀಗೇ ಎಂದರು. ಸಾಹೇಬರ ಕೈ ಪೆನ್ನಿನ ಕಡೆ ಹೋಯಿತು.

ಆಗ ಅಜ್ಜಿ ಎದ್ದರು.

"ಎಲ್ಲಾರೂ ನೋಡೂ ಅಂಥಾದ್ದು ಏನೈತಿ ಅಲ್ಲಿ? ನನಗೂ ತೋರಸ್ರಿ."

ಸೊಸೆ ಬಿಸಿಲು ಏರುತ್ತದೆ, ಫಾಲ್ಸಿಗೆ ತಡವಾಗುತ್ತದೆ ಎಂದಳು. ಗಿರಿಜಮ್ಮ ಪಾನಕ ಕುಡಿಯಿರಿ ಎಂದರು. ಪರಿಮಳಕ್ಕ ಏನೂ ತೋಚದೆ ಅಜ್ಜಿಗೆ ನಮಸ್ಕಾರ ಮಾಡಲು ಬಗ್ಗಿದರು. ಬಗ್ಗಿದ್ದರಿಂದ ಸಾಲಿನಲ್ಲಿ ಕಂಡಿ ಬಿತ್ತು. ಅಜ್ಜಿ ಕೋಲನ್ನು ಆ ಕಂಡಿಯಲ್ಲಿ ತೂರಿಸಿದರು. ಕೋಲು ಹಿಡಿದ ಹಿರಿಯರಿಗೆ ಅಡ್ಡ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ. ಸಾಲು ಎರಡಾಗಿ ಒಡೆಯಿತು. ದೇವಕಿ ಕಣ್ಣು ಮುಚ್ಚಿಕೊಂಡಳು. ವಜ್ರಳ್ಳಿಯ ಅಂಗಡಿ, ಗಲ್ಲೆ, ಗಲ್ಲೆಯ ಮೇಲೆ ಒಂದು ಕಣ್ಣು ಮುಚ್ಚಿ ಬೆಲ್ಲ ತೂಗುವ ಗಂಡ, ಎಲ್ಲ ಅವಳಿಗೆ ಕಾಣಿಸಿತು.

ಅಜ್ಜಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಕೈಯಿಂದ ನೋಡತೊಡಗಿದರು. ನೀರಿನ ಮೇಲೆ ಕೈ ಆಡಿಸಿದರು, ಬಂಡೆ ಮುಟ್ಟಿದರು, ಹಸಿರು ದಾಟಿದರು. ಮರಕ್ಕೆ ಬಂದಾಗ ಕೈ ನಿಂತಿತು. ಹೆಬ್ಬೆರಳು ನೇಯ್ಗೆಯ ಮೇಲೆ ಮೆಲ್ಲಗೆ ಹಿಂದೆ ಮುಂದೆ ಹೋಯಿತು. ಅಂಚಿಗೆ ಬಂತು. ಅಂಚು ಹಿಡಿದು ಕೊನೆಯವರೆಗೆ ಹೋಯಿತು. ನಂತರ ಅವರು ಸೊಸೆಯ ಕಡೆ ತಿರುಗಿದರು. ಸೊಸೆ ನೆಲ ನೋಡುತ್ತಿದ್ದಳು.

"ನನ್ನ ನಾದಿನಿ ಕೊಟ್ಟಿದ್ದು," ಎಂದರು ಅಜ್ಜಿ, ಹತ್ತಿರ ನಿಂತ ಹೆಂಗಸರಿಗಷ್ಟೇ ಕೇಳುವಂತೆ. "ನನಗೂ ಮನಸ್ಸಿಗೆ ಸೇರಿರಲಿಲ್ಲ." ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದರು. "ಅಂತೂ ಎಲ್ಲೋ ಒಂದ್ ಕಡೆ ನಿಂತೈತಲ್ಲ, ಪಾಪ."

ಆಮೇಲೆ ಮಗನಿಗೆ ಕೇಳುವಂತೆ, ಚಲೋ ಐತಿ ಎಂದರು. ಫಾಲ್ಸಿಗೆ ಹೋಗುವ ಅವಶ್ಯಕತೆ ಇನ್ನಿಲ್ಲ, ಮೊಣಕಾಲು ನೋಯುತ್ತದೆ, ಇಲ್ಲೇ ಆಯಿತು ಎಂದೂ ಸೇರಿಸಿದರು.

ಸಾಹೇಬರು ಬರೆದ ಮಾತುಗಳನ್ನು ಮಡಿವಾಳಪ್ಪನವರು ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಿದರು. ಈ ಶಾಲೆಯಲ್ಲಿ ಚಿತ್ರಕಲೆಯು ಸಮುದಾಯದ ಮಹಿಳೆಯರನ್ನು ಅಲುಗಾಡದಂತೆ ಹಿಡಿದು ನಿಲ್ಲಿಸಿದೆ, ವಯೋವೃದ್ಧರನ್ನೂ ಮುಟ್ಟಿದೆ ಎಂದಿತ್ತು. ಆ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಶಾಂತಾರಾಮ ಮಾಸ್ತರು ಖಾಯಂ ಆದರು. ವಜ್ರಳ್ಳಿಯ ಭಾವ ಗಲ್ಲೆಯ ಮೇಲೆ ತಾನೇ ಕೂತ.

ಉಳಿದದ್ದು ಜಲಪಾತ. ಅದನ್ನು ಅವತ್ತೇ ಮನೆಗೆ ಒಯ್ಯಿರಿ ಎಂದು ಮಡಿವಾಳಪ್ಪನವರು ಕೈಮುಗಿದರು. ಮನೆಯಲ್ಲಿ ತೂಗುಹಾಕಿದರೆ ಹೆಂಗಸರು ಬರುವುದು ನಿಲ್ಲುತ್ತಿತ್ತು. ಮುತ್ತೈದೆಯರು ಕೊಟ್ಟ ಕಣವನ್ನು ಸುಡುವ ಹಾಗಿಲ್ಲ. ಕೀಳೋಣವೆಂದರೆ ಮೈಲುತುತ್ತದ ಅಂಟು ಮಾಸ್ತರ ಮಾತನ್ನು ಉಳಿಸಿಕೊಂಡಿತ್ತು. ದೇವಕಿ ಅದನ್ನು ಮಂಚದ ಹಿಂದೆ ನಿಲ್ಲಿಸಿ ಸ್ವಲ್ಪ ದಿನ ಯೋಚಿಸಿದಳು. ಆಮೇಲೆ ಯಲ್ಲಾಪುರದಾಚೆ ದೂರದ ನೆಂಟರೊಬ್ಬರ ಹೊಸಮನೆಯ ಪ್ರವೇಶ ಬಂತು. ದೇವಕಿ ಅದನ್ನು ಕಾಗದದಲ್ಲಿ ಸುತ್ತಿ, ಹುರಿಹಗ್ಗ ಕಟ್ಟಿ, ಬಸ್ಸಿನ ಮೇಲೆ ಹಾಕಿಸಿ, ಉಡುಗೊರೆ ಕೊಟ್ಟು ಬಂದಳು. ಅಷ್ಟು ದೊಡ್ಡ ಉಡುಗೊರೆಯನ್ನು ಆ ಮನೆಯವರು ನಿರೀಕ್ಷಿಸಿರಲಿಲ್ಲ.

ತಮ್ಮ ಕೃತಿ ಯಲ್ಲಾಪುರದ ಒಂದು ಜಗುಲಿಯಲ್ಲಿ ತೂಗುತ್ತಿದೆ ಎಂದು ಮಾಸ್ತರು ಮಕ್ಕಳಿಗೆ ವರ್ಷವರ್ಷವೂ ಹೇಳಿದರು. ಹುಬ್ಬಳ್ಳಿಗೆ ಹೋಗುವಾಗ ಬಸ್ಸು ಯಲ್ಲಾಪುರ ದಾಟಿದರೆ ಆ ದಿಕ್ಕಿಗೆ ತಿರುಗಿ ಒಂದು ಕಣ್ಣು ಮುಚ್ಚುತ್ತಿದ್ದರು. ಆ ದಿಕ್ಕಿನಲ್ಲಿ ಕುಳಿತವರು ಸೀಟು ಬದಲಿಸುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ಅವರೂ ಸಿದ್ದಾಪುರದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದರು. ಪ್ರವೇಶದ ದಿನ ಬಿಳಗಿ ಅತ್ತಿಗೆ ವ್ಯಾನಿನಿಂದ ಇಳಿದರು. ಹಿಂದಿನಿಂದ ಇಬ್ಬರು ಬಾಗಿಲಿನಷ್ಟು ದೊಡ್ಡದಾದ ಒಂದು ಚಪ್ಪಟೆ ಕಟ್ಟನ್ನು ಇಳಿಸಿದರು. ಅದು ಒಳಗೆ ಬರುತ್ತಿದ್ದಂತೆ ಹೊಸ ಸುಣ್ಣದ ವಾಸನೆಯ ನಡುವೆ ಇನ್ನೊಂದು ಹಳೆಯ ವಾಸನೆ ಬಂತು. ದೇವಕಿ ಬಡಿಸುವ ಸೌಟನ್ನು ಕೆಳಗಿಟ್ಟಳು.

"ಬೆಂಗಳೂರಿಂದ ತರಿಸಿದ್ದು," ಎಂದರು ಅತ್ತಿಗೆ. "ದೊಡ್ಡ ಕಲಾವಿದ ಮಾಡಿದ್ದಡ. ತಮ್ಮ ಚಿತ್ರದ ಮಾಸ್ತರ ಹೇಳಿ ಹುಡುಕಿ ತಂದೆ."

ಮಾಸ್ತರು ಕಟ್ಟಿನ ಒಂದು ಮೂಲೆ ಬಿಡಿಸಿದರು. ಹಾಲುಬಣ್ಣದ ನೀರು ಕಂಡಿತು. ಇನ್ನಷ್ಟು ಬಿಡಿಸಿದರು. ಬಣ್ಣ ಸ್ವಲ್ಪ ಮಾಸಿತ್ತು, ಚೌಕಟ್ಟಿನ ಅಂಚಿನುದ್ದಕ್ಕೂ ಹಲವು ಮನೆಗಳ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು. ಅವರ ಹೆಸರಿದ್ದ ಬಲಮೂಲೆಯಲ್ಲಿ ಯಾರೋ ಒಂದು ಹೊಸ ಕಣದ ತುಂಡನ್ನು ನೀಟಾಗಿ ಅಂಟಿಸಿದ್ದರು, ಜರಿಯಂಚಿನ ಗುಲಾಬಿ. ಮಾಸ್ತರು ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

"ದೊಡ್ಡ ಕಲಾವಿದ ಹೇಳಿ ಯಾರು ಹೇಳಿದ್ದು?" ಎಂದು ಕೇಳಿದರು.

"ಎಲ್ಲರೂ ಹೇಳ್ತ," ಎಂದರು ಅತ್ತಿಗೆ.

ಮಾಸ್ತರ ಮುಖ ಅರಳಿತು. ಅವರು ಸುತ್ತಿದ ಕಾಗದವನ್ನು ಪರಪರ ಕೀಳುತ್ತ, ಎದುರಿನ ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ತರಹೇಳಿದರು. ದೇವಕಿ ಹತ್ತಿರ ಬಂದಳು. ಗುಲಾಬಿ ತುಂಡನ್ನು ನೋಡಿದಳು. ಹೋದ ವರ್ಷ ಗಣಹೋಮದಲ್ಲಿ ಅವಳೇ ಅತ್ತಿಗೆಗೆ ಕೊಟ್ಟ ಕಣ ಅದು. ಅವಳು ಅತ್ತಿಗೆಗೆ ಬೇಸರವಾಗದಂತೆ ನಕ್ಕು, ಅವರನ್ನು ಊಟಕ್ಕೆ ಕೂರಿಸಿ, ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದಳು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ಕಾಗದ ಹರಿಯಡಿ, ಜೋಪಾನ ಇಡಿ. ಮುಂದಿನ ವಾರ ಪರಿಮಳಕ್ಕನ ಮನೆ ಪ್ರವೇಶ ಇದ್ದು."